ವೃದ್ಧಾಶ್ರಮದ ಊಟ: ತಟ್ಟೆ ಖಾಲಿ ಆಗ್ತಿದೆ, ತೂಕ ಮಾತ್ರ ಇಳೀತಿದೆ. ಎಲ್ಲಿ ತಪ್ತಿದೆ?

ಪಾಕಶಾಲೆ42 (ಪ್ರಶ್ನೆ)

ತುಮಕೂರು ಕಡೆಯ ಒಂದು ವೃದ್ಧಾಶ್ರಮದ ದಿನಸಿ ಲೆಕ್ಕ ಇಲ್ಲಿ ಹಾಕ್ತಿದೀನಿ, ತಿಳಿದವರು ನೋಡಿ ಹೇಳಿ. ಒಟ್ಟು 42 ಜನ, ಹೆಚ್ಚಿನವರು 70 ದಾಟಿದವರು. 15 ಜನಕ್ಕೆ ಸಕ್ಕರೆ ಕಾಯಿಲೆ, 6 ಜನಕ್ಕೆ ಮರೆವಿನ ಕಾಯಿಲೆ, 5 ಜನ ಹಾಸಿಗೆ ಹಿಡಿದವರು. ಆರು ತಿಂಗಳ ತೂಕದ ಪುಸ್ತಕದಲ್ಲಿ 19 ಜನರ ತೂಕ ಇಳಿದಿದೆ. ಊಟ ಕಡಿಮೆ ಬೀಳ್ತಿದೆ ಅನ್ನೋ ಹಾಗಿಲ್ಲ, ಅನ್ನ ಕೇಳಿದಷ್ಟು ಬಡಿಸ್ತಾರೆ.

ದಿನಕ್ಕೆ 42 ಜನಕ್ಕೆ ಹೋಗೋದು ಇಷ್ಟು: ಅಕ್ಕಿ ಎರಡೂ ಹೊತ್ತು ಸೇರಿ 7.5 ಕೆಜಿ, ತಿಂಡಿಗೆ ರವೆ 2.5 ಕೆಜಿ (ಅಥವಾ ಅಷ್ಟೇ ತೂಕದ ಅವಲಕ್ಕಿ, ಇಡ್ಲಿ ಹಿಟ್ಟು), ತೊಗರಿಬೇಳೆ 1 ಕೆಜಿ, ಕಾಫಿ-ಟೀ-ಮಜ್ಜಿಗೆ ಎಲ್ಲಕ್ಕೂ ಸೇರಿ ಹಾಲು 5 ಲೀಟರ್, ಎಣ್ಣೆ 600 ಗ್ರಾಂ, ಸಕ್ಕರೆ-ಬೆಲ್ಲ 1.2 ಕೆಜಿ, ತರಕಾರಿ 4 ಕೆಜಿ, ತಲಾ ಎರಡು ಮಾರಿ ಬಿಸ್ಕತ್ತು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮುದ್ದೆ.

ಹೊತ್ತು: 6.30 ಕಾಫಿ, 8.30 ತಿಂಡಿ, 12.30 ಅನ್ನ-ಹುಳಿ-ಮಜ್ಜಿಗೆ, 4 ಗಂಟೆಗೆ ಟೀ-ಬಿಸ್ಕತ್ತು, ರಾತ್ರಿ 7ಕ್ಕೆ ಅನ್ನ-ತಿಳಿಸಾರು. ಮೊಟ್ಟೆ ಸದ್ಯಕ್ಕಿಲ್ಲ. ತಿನ್ನೋರು 20 ಜನ ಇದ್ದಾರೆ, ಬೇರೆ ಒಲೆ-ಪಾತ್ರೆಗೆ ಜಾಗ ಇದೆ. ಡಬ್ಬದ ಪ್ರೋಟೀನ್ ಪುಡಿ ಎಲ್ಲರಿಗೂ ತರಿಸೋಷ್ಟು ಬಜೆಟ್ ಇಲ್ಲ. ಯಾವುದನ್ನ ಎಷ್ಟು ಬದಲಾಯಿಸಬೇಕು?

---

ಪೋಷಣೆ_ಲೆಕ್ಕ

ಪ್ರಮಾಣ ಬರೆದು ಕೇಳಿದ್ದು ಒಳ್ಳೇದಾಯ್ತು. "ಪೌಷ್ಟಿಕ ಆಹಾರ ಕೊಡ್ತೀವಿ" ಅಂತ ಬರೆದಿದ್ರೆ ಹೇಳೋಕೆ ಏನೂ ಇರ್ತಿರಲಿಲ್ಲ.

ಎಲ್ಲವನ್ನೂ 42ರಿಂದ ಭಾಗಿಸಿ. ಒಬ್ಬರಿಗೆ ಅಕ್ಕಿ ಸುಮಾರು 180 ಗ್ರಾಂ, ಅದರಲ್ಲಿ ಪ್ರೋಟೀನ್ 14 ಗ್ರಾಂ. ರವೆ 60 ಗ್ರಾಂ, ಪ್ರೋಟೀನ್ ಆರೂವರೆ. ಬೇಳೆ ಬರೀ 24 ಗ್ರಾಂ, ಅದರಿಂದ 5. ಹಾಲು 120 ಮಿಲಿ, ಮೂರೂವರೆ. ತರಕಾರಿ, ಬಿಸ್ಕತ್ತು ಸೇರಿ ಇನ್ನೊಂದು ಮೂರು. ಒಟ್ಟು 32 ಗ್ರಾಂ ಪ್ರೋಟೀನ್, 1300 ಕ್ಯಾಲರಿ ಆಸುಪಾಸು. ಅದೂ ಒಂದು ಅಗುಳೂ ಚೆಲ್ಲದೆ, ಎಲ್ಲರೂ ಸಮನಾಗಿ ತಿಂದರೆ.

ಬೇಕಾದ್ದು ಎಷ್ಟು? ಆರೋಗ್ಯವಾಗಿರೋ ವಯಸ್ಕರಿಗೆ ಐಸಿಎಂಆರ್-ಎನ್‌ಐಎನ್ (ದೇಶದ ಪೋಷಣೆ ಸಂಶೋಧನಾ ಸಂಸ್ಥೆ) 2020ರಲ್ಲಿ ಹೇಳಿರೋದು ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ವಯಸ್ಸಾದವರಿಗೆ ಕನಿಷ್ಠ 1 ಗ್ರಾಂ, ಕಾಯಿಲೆ ಬಿದ್ದು ಸೊರಗಿದವರಿಗೆ 1.2ರಿಂದ 1.5 ಅಂತ ಯುರೋಪಿನ ಕ್ಲಿನಿಕಲ್ ನ್ಯೂಟ್ರಿಷನ್ ಮಾರ್ಗಸೂಚಿ ಹೇಳುತ್ತೆ. ಶಕ್ತಿ ಕೆಜಿಗೆ 30 ಕ್ಯಾಲರಿ. 50 ಕೆಜಿ ಇರೋ ಅಜ್ಜಿಗೆ 50 ಗ್ರಾಂ ಪ್ರೋಟೀನ್, 1500 ಕ್ಯಾಲರಿ ಅಂತಾಯ್ತು. ನಿಮ್ಮಲ್ಲಿ 18 ಗ್ರಾಂ ಪ್ರೋಟೀನ್, 200 ಕ್ಯಾಲರಿ ಖೋತಾ. ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಅನ್ನ ಇನ್ನೊಂದು ಸೌಟು ಹಾಕಿದ್ರೆ ಇದು ಸರಿಹೋಗಲ್ಲ, ಅವರ ಹೊಟ್ಟೆ ಹಿಡಿಯೋದೇ ಅಷ್ಟು. ಅಷ್ಟೇ ಗಾತ್ರದೊಳಗೆ ಸತ್ವ ಹೆಚ್ಚಿಸಬೇಕು.

ನಾನಾದರೆ ಹೀಗೆ ಸೇರಿಸ್ತೀನಿ, 42 ಜನಕ್ಕೆ ದಿನಕ್ಕೆ:

ತೊಗರಿಬೇಳೆ 1 ಕೆಜಿಯಿಂದ 2 ಕೆಜಿಗೆ. ಹೆಚ್ಚಿನ ಒಂದು ಕೆಜಿ ಪೂರ್ತಿ ರಾತ್ರಿಗೆ: ತಿಳಿಸಾರು ಬಿಟ್ಟು ಬೇಳೆ ತೊವ್ವೆ ಅಥವಾ ಹೆಸರುಬೇಳೆ ಪೊಂಗಲ್. ತಲಾ 5 ಗ್ರಾಂ ಪ್ರೋಟೀನ್ ಬಂತು.
ಹಾಲು ಇನ್ನೂ 4 ಲೀಟರ್, ತಲಾ 3 ಗ್ರಾಂ.
ಕೆನೆ ತೆಗೆದ ಹಾಲಿನ ಪುಡಿ 500 ಗ್ರಾಂ, ಅದೇ ಹಾಲಿಗೆ. ತಲಾ 4 ಗ್ರಾಂ.
ಹುರಿಹಿಟ್ಟು (ಅಳತೆ ಕೆಳಗಿದೆ) 1.25 ಕೆಜಿ, ಅಂದ್ರೆ ತಲಾ 30 ಗ್ರಾಂ. ಪ್ರೋಟೀನ್ ನಾಲ್ಕೂವರೆ.
ಕಡಲೆಕಾಯಿ ಚಟ್ನಿಪುಡಿ 400 ಗ್ರಾಂ, ಎರಡೂವರೆ.

ಒಟ್ಟು 19 ಗ್ರಾಂ, 350 ಕ್ಯಾಲರಿ. ಖೋತಾ ಮುಚ್ಚಿತು. ಮೊಟ್ಟೆ ತಿನ್ನೋ 20 ಜನಕ್ಕೆ ದಿನಕ್ಕೊಂದು ಬೇಯಿಸಿ ಕೊಟ್ರೆ ಅವರಿಗೆ ಇನ್ನೂ 6 ಗ್ರಾಂ. ಕಿಡ್ನಿ ತೊಂದರೆ ಇರೋರಿಗೆ ಮಾತ್ರ ಪ್ರೋಟೀನ್ ಹೆಚ್ಚಿಸೋ ಮುಂಚೆ ವೈದ್ಯರನ್ನ ಕೇಳಿ.

ಕೆಡೋದು ಎಲ್ಲಿ ಅಂತಲೂ ಹೇಳ್ಬೇಕು. ಹಾಲಿನ ಪುಡಿಯನ್ನ ಕುದಿಯೋ ಹಾಲಿಗೆ ಸುರಿದರೆ ಗಂಟು ಕಟ್ಟುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಮೊದಲು ಕಲಸಿ ಗಟ್ಟಿ ದ್ರವ ಮಾಡ್ಕೊಂಡು ಆಮೇಲೆ ಸೇರಿಸಿ. ಪುಡಿ ಹಾಕಿದ ಹಾಲು ಬೇಗ ತಳ ಹಿಡಿಯುತ್ತೆ, ಉರಿ ಸಣ್ಣಗಿರಲಿ, ಸೌಟು ಆಡಿಸ್ತಿರಿ. ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸುತ್ತೆ ಅನ್ನೋರು ಇದ್ದೇ ಇರ್ತಾರೆ. ಅವರ ಪಾಲಿನದನ್ನ ಹೆಪ್ಪು ಹಾಕಿ ಗಟ್ಟಿ ಮೊಸರು ಕೊಡಿ. ಮಜ್ಜಿಗೆ ಮಾಡ್ಬೇಡಿ, ಒಂದು ಲೀಟರ್ ಮೊಸರಿಗೆ ನಾಲ್ಕು ಲೀಟರ್ ನೀರು ಬಿಟ್ಟ ಮೇಲೆ ಲೋಟದಲ್ಲಿ ಉಳಿಯೋದು ಉಪ್ಪುನೀರೇ.

ಇನ್ನೊಂದು, ಯಾರೂ ಗಮನಿಸದೆ ಇರೋದು: ಬೇಳೆ ತಳಕ್ಕೆ ಕೂರುತ್ತೆ. ಹಾಸಿಗೆ ಹಿಡಿದವರಿಗೆ ಮೊದಲು ಊಟ ಕಳಿಸೋದು ಪದ್ಧತಿ, ಹಾಗಾಗಿ ಪಾತ್ರೆಯ ಮೇಲಿನ ನೀರೆಲ್ಲ ಅವರಿಗೇ. ತಳದ ಬೇಳೆ ಕೊನೇ ಪಂಕ್ತಿಗೆ, ಉಳಿದಿದ್ದು ಅಡುಗೆಯವರಿಗೆ. ಪ್ರತಿ ಸೌಟೂ ತಳದಿಂದ ಎತ್ತಿ ಬಡಿಸಬೇಕು. ಬೇಳೆಯನ್ನ ನುಣ್ಣಗೆ ಕಡೆದು ಕುದಿಸಿದ್ರೆ ಅಷ್ಟು ಕೂರಲ್ಲ.

ಹುರಿಹಿಟ್ಟಿನ ಅಳತೆ (1 ಕೆಜಿಗೆ): ರಾಗಿ 500 ಗ್ರಾಂ, ಹುರಿಗಡಲೆ 250, ಕಡಲೆಬೀಜ 150, ಹೆಸರುಕಾಳು 100. ಹುರಿಗಡಲೆ ಬಿಟ್ಟು ಉಳಿದಿದ್ದನ್ನ ಬೇರೆ ಬೇರೆ ಹುರೀರಿ, ಒಟ್ಟಿಗೆ ಹಾಕಿದ್ರೆ ರಾಗಿ ಸಿಡಿಯೋ ಹೊತ್ತಿಗೆ ಬೀಜ ಸೀದಿರುತ್ತೆ. ಮುಗ್ಗಲು ಹಿಡಿದ, ಸುಕ್ಕಾದ, ಕಹಿ ಬೀಜ ಆರಿಸಿ ಎಸೀರಿ, ಅದರಲ್ಲಿ ಶಿಲೀಂಧ್ರದ ವಿಷ ಇರಬಹುದು. ಬೀಜವನ್ನ ಒಂದೇ ಪುಡಿ ಮಾಡಿದ್ರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ, ಹುರಿಗಡಲೆ ಜೊತೆ ಸೇರಿಸಿ ಬಿಟ್ಟು ಬಿಟ್ಟು ತಿರುಗಿಸಿ. ಸಣ್ಣ ಕಣ್ಣಿನ ಜರಡಿ ಕಡ್ಡಾಯ, ಸಿಪ್ಪೆ ಗಂಟಲಿಗೆ ಅಂಟುತ್ತೆ. ಒಣ ಡಬ್ಬದಲ್ಲಿ ಎರಡು ಮೂರು ವಾರ ಇರುತ್ತೆ, ಬೀಜ ಇರೋದರಿಂದ ಅದಕ್ಕಿಂತ ಹೆಚ್ಚು ದಿನ ಇಟ್ರೆ ಕಮಟು ವಾಸನೆ.

ಇದನ್ನ ಯಾವಾಗ ಕೊಡೋದು? ರಾತ್ರಿ 9ಕ್ಕೆ. ನಿಮ್ಮಲ್ಲಿ ರಾತ್ರಿ 7ರಿಂದ ಬೆಳಿಗ್ಗೆ 8.30ರವರೆಗೆ ಹದಿಮೂರೂವರೆ ಗಂಟೆ ಬರೀ ಹೊಟ್ಟೆ, ಮಧ್ಯೆ ಒಂದು ಲೋಟ ಕಾಫಿ ಅಷ್ಟೆ. ಹುರಿಹಿಟ್ಟು 30 ಗ್ರಾಂ, ಬೆಚ್ಚಗಿನ ಹಾಲು 150 ಮಿಲಿ. ಊಟದ ಅರ್ಧ ಗಂಟೆ ಮುಂಚೆ ಮಾತ್ರ ಇದನ್ನೂ ಕಾಫಿಯನ್ನೂ ಕೊಡಬೇಡಿ, ಊಟ ಬಿಟ್ಟುಬಿಡ್ತಾರೆ.

---

ರಾತ್ರಿಪಾಳಿ_ನರ್ಸ್

ಮೇಲಿನದು ಎಲ್ಲರಿಗೂ. ಆದ್ರೆ ಆ 19 ಜನರಲ್ಲಿ ಯಾರು ಮೊದಲು ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ತೂಕದ ಪುಸ್ತಕದಲ್ಲಿ ಶೇಕಡಾವಾರು ಬರೀರಿ, ಕೆಜಿ ಸಾಕಾಗಲ್ಲ. ತಿಂಗಳಲ್ಲಿ 5%, ಮೂರು ತಿಂಗಳಲ್ಲಿ 7.5%, ಆರು ತಿಂಗಳಲ್ಲಿ 10% ಇಳಿದಿದ್ರೆ ಅದು ವಯಸ್ಸಿನ ಸಹಜ ಇಳಿತ ಅಲ್ಲ.

ತೂಕ ನೋಡೋದರಲ್ಲೇ ತಪ್ಪಾಗುತ್ತೆ. ತಿಂಗಳಿಗೊಮ್ಮೆ ಒಂದೇ ದಿನ, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಸ್ವೆಟರ್-ಶಾಲು ತೆಗೆಸಿ. ನಿಲ್ಲೋಕಾಗದವರನ್ನ ಗಾಲಿಕುರ್ಚಿ ಸಮೇತ ತೂಗಿ ಕುರ್ಚಿಯ ತೂಕ ಕಳೀರಿ, ಕುರ್ಚಿಗೆ ನಂಬರ್ ಬರೆದು ಪ್ರತಿಸಲ ಅದೇ ಬಳಸಿ. ಕಾಲು ಬಾತಿದ್ರೆ ಪಕ್ಕದಲ್ಲಿ "ಬಾವು" ಅಂತ ಗುರುತು ಹಾಕಿ. ನೀರು ತುಂಬ್ಕೊಂಡು ತೂಕ ಸರಿಯಾಗೇ ಕಾಣುತ್ತೆ, ಒಳಗೆ ಮಾಂಸ ಕರಗ್ತಿರುತ್ತೆ.

ಅಂಕ ಹಾಕೋಕೆ ಎಂಎನ್‌ಎ (ವಯಸ್ಸಾದವರ ಪೋಷಣೆ ಅಳೆಯೋ ಪ್ರಶ್ನಾವಳಿ) ಚಿಕ್ಕ ಆವೃತ್ತಿ ಸಾಕು. ಆರು ಪ್ರಶ್ನೆ: ಊಟ ಕಡಿಮೆ ಆಗಿದೆಯಾ, ತೂಕ ಇಳಿದಿದೆಯಾ, ಓಡಾಡ್ತಾರಾ, ಮೂರು ತಿಂಗಳಲ್ಲಿ ಕಾಯಿಲೆ ಅಥವಾ ಮನಸ್ಸಿಗೆ ಆಘಾತ ಆಗಿದೆಯಾ, ಮರೆವು ಅಥವಾ ಖಿನ್ನತೆ ಇದೆಯಾ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕ) ಎಷ್ಟು. ಒಟ್ಟು 14ಕ್ಕೆ 12 ಅಥವಾ ಮೇಲಿದ್ರೆ ಸರಿ, 8ರಿಂದ 11 ಅಪಾಯದ ಅಂಚು, 7 ಮತ್ತು ಕೆಳಗೆ ಅಪೌಷ್ಟಿಕತೆ. ಬೆನ್ನು ಬಾಗಿದವರ ಎತ್ತರ ಅಳೆದು ಬಿಎಂಐ ಹಾಕಿದ್ರೆ ಸುಳ್ಳು ಬರುತ್ತೆ, ಕುಗ್ಗಿದ ಎತ್ತರಕ್ಕೆ ಬಿಎಂಐ ಹೆಚ್ಚೇ ತೋರಿಸುತ್ತೆ. ಅಂಥವರಿಗೆ ಮೀನಖಂಡದ ಸುತ್ತಳತೆ ತಗೊಳ್ಳಿ. ಕೂರಿಸಿ, ಮಂಡಿ 90 ಡಿಗ್ರಿ ಮಡಚಿ, ದಪ್ಪ ಇರೋ ಜಾಗದಲ್ಲಿ ಟೇಪು ಸುತ್ತಿ, ಬಿಗಿಯಬೇಡಿ. 31 ಸೆಂಮೀಗಿಂತ ಕಡಿಮೆ ಇದ್ರೆ ಬಿಎಂಐ ಪ್ರಶ್ನೆಗೆ ಸೊನ್ನೆ, 31 ಅಥವಾ ಮೇಲಿದ್ರೆ 3.

ಎತ್ತರವೇ ಬೇಕು ಅಂದ್ರೆ ಮಂಡಿ ಎತ್ತರದಿಂದ ಲೆಕ್ಕ ಹಾಕಬಹುದು. ಹೆಂಗಸರಿಗೆ: 84.88, ಅದರಿಂದ ವಯಸ್ಸಿನ 0.24 ಪಟ್ಟು ಕಳೀರಿ, ಮಂಡಿ ಎತ್ತರದ 1.83 ಪಟ್ಟು ಕೂಡಿ. 78 ವರ್ಷ, ಹಿಮ್ಮಡಿಯಿಂದ ಮಂಡಿ ಮೇಲ್ತುದಿಗೆ 45 ಸೆಂಮೀ ಇದ್ರೆ 148.5 ಸೆಂಮೀ ಬರುತ್ತೆ. ಸೂತ್ರ ಅಮೆರಿಕದವರ ಅಳತೆಯಿಂದ ಬಂದದ್ದು, ಒಂದೆರಡು ಇಂಚು ಆಚೀಚೆ ಆಗಬಹುದು. ಆ ಅಜ್ಜಿ ಮೂರು ತಿಂಗಳ ಹಿಂದೆ 48 ಕೆಜಿ, ಈಗ 44.5 ಅಂದ್ಕೊಳ್ಳಿ. ಬಿಎಂಐ 20ರ ಮೇಲೇ ಇದೆ, ಚಾರ್ಟ್ ನೋಡಿದವರು "ನಾರ್ಮಲ್" ಅಂತ ಪುಟ ತಿರುಗಿಸ್ತಾರೆ. ಆದ್ರೆ ಇಳಿದದ್ದು 7.3%, ಮೂರು ತಿಂಗಳ 7.5ರ ಗಡಿ ಹತ್ತಿರ.

ರಕ್ತದಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ನೋಡಿ ಪೋಷಣೆ ಅಳೆಯೋ ಅಭ್ಯಾಸ ಇನ್ನೂ ಇದೆ, ಬಿಡಿ. ಸೋಂಕು, ಗಾಯ, ಉರಿಯೂತ ಏನಿದ್ರೂ ಅದು ಇಳಿಯುತ್ತೆ.

ತಟ್ಟೆ ಖಾಲಿ ಅಂದ್ರಲ್ಲ, ಯಾರು ಖಾಲಿ ಮಾಡಿದ್ದು? ಪಕ್ಕದವರಿಗೆ ಹಾಕೋರು, ಕಿಟಕಿಯಿಂದ ಕಾಗೆಗೆ ಎಸೆಯೋರು, ಸೀರೆ ಸೆರಗಲ್ಲಿ ಕಟ್ಟಿಡೋರು ಇರ್ತಾರೆ. ಮೂರು ದಿನ, ಮೂರು ಹೊತ್ತು, ಪೂರ್ತಿ / ಮುಕ್ಕಾಲು / ಅರ್ಧ / ಕಾಲು / ಏನಿಲ್ಲ ಅಂತ ಐದೇ ಗುರುತಲ್ಲಿ ಬರೀರಿ. ಬರೆಯೋರು ಬಡಿಸೋರೇ ಆಗಿರಬೇಕು, ತಟ್ಟೆ ತೊಳೆಯೋರಿಗೆ ಗೊತ್ತಾಗಲ್ಲ.

ಆಮೇಲೆ ಬಾಯಿ ನೋಡಿ. ಟಾರ್ಚು ಹಾಕಿ. ಹಲ್ಲಿನ ಸೆಟ್ಟು ಅಲ್ಲಾಡ್ತಿದೆಯಾ (ತೂಕ ಇಳಿದ್ರೆ ಒಸಡೂ ಕುಗ್ಗಿ ಸೆಟ್ಟು ಸಡಿಲ ಆಗುತ್ತೆ, ಆಗ ಇನ್ನೂ ತಿನ್ನಲ್ಲ), ಅದರ ಕೆಳಗೆ ಹುಣ್ಣಿದೆಯಾ, ನಾಲಗೆ ಮೇಲೆ ಒರೆಸಿದ್ರೆ ಬರೋ ಬಿಳಿ ಪದರ ಇದೆಯಾ. "ಬಾಯಿಗೆ ರುಚಿ ಇಲ್ಲ" ಅನ್ನೋ ದೂರಿನ ಹಿಂದೆ ಎಷ್ಟೋ ಸಲ ಬಾಯಿಯ ಫಂಗಸ್ ಇರುತ್ತೆ.

ಮಾತ್ರೆಗಳು: ಸಕ್ಕರೆ ಕಾಯಿಲೆಗೆ ಕೊಡೋ ಮೆಟ್‌ಫಾರ್ಮಿನ್ ಹಸಿವು ತಗ್ಗಿಸುತ್ತೆ, ವರ್ಷಗಟ್ಟಲೆ ತಗೊಂಡ್ರೆ ಬಿ12 ಇಳಿಸುತ್ತೆ. ನಮ್ಮ ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ. ಮರೆವಿಗೆ ಕೊಡೋ ಡೊನೆಪೆಝಿಲ್‌ನಿಂದ ವಾಕರಿಕೆ, ತೂಕ ಇಳಿತ. ಹೃದಯಕ್ಕೆ ಕೊಡೋ ಡಿಗಾಕ್ಸಿನ್ ಹೆಚ್ಚಾದ್ರೂ ಊಟ ಸೇರಲ್ಲ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ, ಮಲಬದ್ಧತೆಯಿಂದ ಹಸಿವಿಲ್ಲ. ಯಾವುದನ್ನೂ ನೀವೇ ನಿಲ್ಲಿಸಬೇಡಿ, ಪಟ್ಟಿ ಮಾಡಿ ವೈದ್ಯರ ಮುಂದಿಡಿ. ನೀವೇ ಮಾಡಬಹುದಾದ್ದು: ಕಬ್ಬಿಣದ ಮಾತ್ರೆಯನ್ನ ಕಾಫಿ, ಹಾಲು, ರಾಗಿ ಜೊತೆ ಕೊಡೋದು ನಿಲ್ಲಿಸಿ. ಥೈರಾಯ್ಡ್ ಮಾತ್ರೆ ಕಾಫಿಗಿಂತ ಅರ್ಧ ಗಂಟೆ ಮುಂಚೆ ಬರೀ ನೀರಲ್ಲಿ.

---

ಜ್ವಾಳದ_ನುಚ್ಚು

ಧಾರವಾಡದ ಕಡಿಂದ ಒಂದೆರಡು ಮಾತು. ಹಲ್ಲಿಲ್ಲದೋರಿಗೆ ಎಲ್ಲಾರೂ ಅನ್ನ ಕಲಸಿ ಕೊಡ್ತಾರ, ಯಾಕಂದ್ರ ಸಸಾರ. ಜ್ವಾಳದ ನುಚ್ಚು ಮಜ್ಜಿಗಿ ಬದಲಿ ಗಟ್ಟಿ ಮೊಸರಾಗ ಕಲಸಿ ಕೊಡ್ರಿ, ಹೊಟ್ಟಿ ಹಿಡಿತದ. ಕಡ್ಲಿಹಿಟ್ಟಿನ ಝುಣಕ ಮೆತ್ತಗ ಮಾಡಿದ್ರ 30 ಗ್ರಾಂ ಹಿಟ್ಟಿಗೆ ಆರು ಗ್ರಾಂ ಮ್ಯಾಲೆ ಪ್ರೋಟೀನ್, ಮ್ಯಾಲೆ ಒಗ್ಗರಣಿ ಎಣ್ಣಿ ಬ್ಯಾರೆ. ಶೇಂಗಾ ಹಿಂಡಿ ಪುಡಿ ನುಣ್ಣಗ ಕುಟ್ಟಿ ಮೊಸರಾಗ ಕಲಸೇ ಕೊಡ್ರಿ, ಒಣಾ ಪುಡಿ ಬಾಯಾಗ ಹಾಕಿದ್ರ ಕೆಮ್ಮು ಹತ್ತತದ. ರೊಟ್ಟಿ ಬೇಕಂತ ಹಟ ಹಿಡದೋರಿಗೆ ಬಿಸಿ ರೊಟ್ಟಿ ಮುರದು ಬಿಸಿ ಹಾಲಾಗ ಹತ್ತು ನಿಮಿಷ ನೆನಿಸ್ರಿ, ಅಂಚು ಹರದು ತಗೀರಿ. ಕಟಕ ರೊಟ್ಟಿ ಬ್ಯಾಡ.

ಮತ್ತ ಮಾಲ್ಟ್ ವಿಚಾರ ಯಾರೂ ಹೇಳಿಲ್ಲ. ರಾಗಿ 12 ತಾಸು ನೆನಿಸಿ, ಅರಿವ್ಯಾಗ ಕಟ್ಟಿ ಒಂದೂವರಿ ದಿವಸ ಮೊಳಕಿ ತರಿಸಿ, ಒಣಗಿಸಿ, ಬೇರು ತಿಕ್ಕಿ ತಗದು, ಹಗುರಾಗಿ ಬೆಚ್ಚಗ ಮಾಡಿ ಬೀಸ್ರಿ. ಮೊಳಕ್ಯಾಗ ಅಮೈಲೇಸ್ ಹುಟ್ಟತದ, ಅದು ಪಿಷ್ಟ ಒಡದು ಗಂಜಿ ತೆಳು ಮಾಡತದ. ಅಂದ್ರ ಅಷ್ಟೇ ಬಟ್ಟಲಕ್ಕ ಹೆಚ್ಚು ಹಿಟ್ಟು ಹಾಕಬಹುದು, ಕುಡಿಯಾಕ ಬರತದ. ಮಂದಿ ಎಡವೋದು ಎಲ್ಲಿ ಅಂದ್ರ, ಘಮ ಬರಲಿ ಅಂತ ಕೆಂಪಗ ಹುರೀತಾರ. ಅಮೈಲೇಸ್ ಸತ್ತ ಮ್ಯಾಲೆ ಅದು ಬರೇ ರಾಗಿ ಹಿಟ್ಟು.

---

ಪಾಕಶಾಲೆ42

ಎಲ್ಲರಿಗೂ ಧನ್ಯವಾದ. ಇನ್ನೂ ಮೂರು ಪ್ರಶ್ನೆ. ಒಂದು, ಸಕ್ಕರೆ ಕಾಯಿಲೆಯವರಿಗೆ ಬೇರೆ ಊಟ: ಅನ್ನ ಅರ್ಧ, ರಾತ್ರಿ ಎರಡು ಚಪಾತಿ, ಬೆಲ್ಲ-ಬಾಳೆಹಣ್ಣು ಬಂದ್. ಇಳಿದಿರೋ 19ರಲ್ಲಿ 9 ಜನ ಇವರೇ. ಎರಡು, ಒಬ್ಬರು 80 ದಾಟಿದವರು ಜ್ವರದ ನಂತರ ಎಂಟು ದಿನದಿಂದ ನಾಲ್ಕು ಚಮಚ ಗಂಜಿ ಬಿಟ್ಟು ಏನೂ ತಿಂದಿಲ್ಲ, ಈಗ ಹಸಿವು ಅಂತಿದಾರೆ. ಹುರಿಹಿಟ್ಟಿನ ಹಾಲು ಎರಡು ಮೂರು ಲೋಟ ಕೊಡಬಹುದಾ? ಮೂರು, ನಾಲ್ಕು ಜನ ನುಂಗುವಾಗ ಕೆಮ್ತಾರೆ. ಅವರಿಗೂ ಮುದ್ದೆ ಬೇಕಂತೆ.

---

ಪೋಷಣೆ_ಲೆಕ್ಕ

ಎರಡನೇದಕ್ಕೆ ಮೊದಲು ಉತ್ತರ: ಕೊಡಬೇಡಿ, ಇವತ್ತೇ ವೈದ್ಯರಿಗೆ ತೋರಿಸಿ. ಐದು ದಿನಕ್ಕಿಂತ ಹೆಚ್ಚು ಹೆಚ್ಚುಕಮ್ಮಿ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ಊಟ ತುಂಬಿದ್ರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರ್ ಜೀವಕೋಶದೊಳಗೆ ಸರಿದು ರಕ್ತದಲ್ಲಿ ಕುಸಿಯುತ್ತೆ, ಹೃದಯದ ಲಯ ತಪ್ಪಬಹುದು. ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಮೊದಲ ಎರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಬೇಡ, ತೀರಾ ಸೊರಗಿದ್ರೆ ಕೆಜಿಗೆ 10 ಕ್ಯಾಲರಿಯಿಂದಲೇ ಶುರು. 40 ಕೆಜಿ ಇದ್ರೆ ದಿನಕ್ಕೆ 400, ಅಂದ್ರೆ ಅರ್ಧ ಅರ್ಧ ಲೋಟದ ಗಂಜಿ-ಹಾಲು ಐದಾರು ಸಲ. ಊಟ ಶುರು ಮಾಡೋ ಮುಂಚೆ ಥಯಮಿನ್ (ವಿಟಮಿನ್ ಬಿ1) ಕೊಡಬೇಕಾಗುತ್ತೆ, ರಕ್ತ ಪರೀಕ್ಷೆಯೂ ಬೇಕು. ಇದು ಅಡುಗೆಮನೆಯಲ್ಲಿ ತೀರ್ಮಾನಿಸೋ ವಿಷಯ ಅಲ್ಲ. ಹಸಿವು ಅಂದ್ರು ಅಂತ ಖುಷಿಯಿಂದ ಉಣಿಸೋರೇ ಹೆಚ್ಚು ಎಡವೋದು.

ಸಕ್ಕರೆ ಕಾಯಿಲೆ: 50ರ ವಯಸ್ಸಿನ ದಪ್ಪ ಮನುಷ್ಯನಿಗೆ ಬರೆದ ಪಥ್ಯವನ್ನ 82ರ ಬಡಕಲು ಅಜ್ಜಿಗೆ ಹಾಕಿದೀರಿ. ಕಾಯಿಲೆ ಹಲವು ಇರೋ ವೃದ್ಧರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತ ಪರೀಕ್ಷೆ) 8%ರ ಒಳಗಿದ್ರೆ ಸಾಕು ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನೇ ಹೇಳುತ್ತೆ. ಇವರಿಗೆ ಸಕ್ಕರೆ ಏರೋದಕ್ಕಿಂತ ಕುಸಿಯೋದು ಅಪಾಯ. ಎಲ್ಲರಿಗೂ ಮಾಡೋ ಊಟವೇ ಕೊಡಿ, ಬೇಳೆ-ಮೊಸರು ಹೆಚ್ಚಿರಲಿ, ಹೊತ್ತು ತಪ್ಪದಿರಲಿ, ಹುರಿಹಿಟ್ಟಿಗೆ ಬೆಲ್ಲ ಹಾಕದೆ ಚಿಟಿಕೆ ಉಪ್ಪು-ಏಲಕ್ಕಿ. ಊಟ ಬದಲಾಯಿಸೋದು ವೈದ್ಯರಿಗೆ ತಿಳಿಸಿ, ಮಾತ್ರೆ ಅಥವಾ ಇನ್ಸುಲಿನ್ ಹೊಂದಿಸಬೇಕಾಗಬಹುದು. ಇನ್ನೊಂದು, ಉಪವಾಸದ ಲೆಕ್ಕ ನೋಡಿ: ಶನಿವಾರ ಒಪ್ಪೊತ್ತು, ಏಕಾದಶಿ ಉಪವಾಸ ಮಾಡೋರು ಎಷ್ಟು ಜನ? ಗ್ಲಿಮಿಪಿರೈಡ್ ಥರದ ಸಕ್ಕರೆ ಇಳಿಸೋ ಮಾತ್ರೆ ನುಂಗಿ ರಾತ್ರಿ ಊಟ ಬಿಟ್ರೆ ಬೆಳಗಿನ ಜಾವ ಬೆವರು, ಗೊಂದಲ, ಬೀಳೋದು. ವ್ರತ ಬಿಡಿಸೋಕೆ ಹೋಗಬೇಡಿ, ಫಲಾಹಾರದಲ್ಲಿ ಹಾಲು, ಮೊಸರು, ನೆನೆಸಿದ ಅವಲಕ್ಕಿ, ಬಾಳೆಹಣ್ಣು ಬರೋ ಹಾಗೆ ನೋಡ್ಕೊಳ್ಳಿ. ಆ ದಿನದ ಮಾತ್ರೆ ಏನು ಮಾಡೋದು ಅಂತ ಮೊದಲೇ ಬರೆಸ್ಕೊಳ್ಳಿ.

---

ನುಂಗುಪಾಠ

ಮೂರನೇದು ನನ್ನ ಕ್ಷೇತ್ರ. ಮುದ್ದೆ ಬಗ್ಗೆ ಜನಕ್ಕೆ ಒಂದು ಭ್ರಮೆ ಇದೆ: ಅಗಿಯೋ ಹಾಗಿಲ್ಲ, ನುಂಗೋದು ತಾನೆ, ಹಾಗಾಗಿ ಮುದುಕರಿಗೆ ಸುಲಭ. ಹಲ್ಲು ಮಾತ್ರ ಇಲ್ಲದೆ ಗಂಟಲು ಗಟ್ಟಿ ಇರೋರಿಗೆ ನಿಜ. ಗಂಟಲ ಸ್ನಾಯು ಸೋತವರಿಗೆ (ಲಕ್ವ, ಪಾರ್ಕಿನ್ಸನ್ಸ್, ಮುಂದುವರಿದ ಮರೆವು) ಮುದ್ದೆಯಷ್ಟು ಅಪಾಯದ ಪದಾರ್ಥ ಸಿಗೋದೇ ಕಡಿಮೆ. ಅಂಟುತ್ತೆ, ಒಡೆಯಲ್ಲ, ಇಡೀ ಉಂಡೆಯಾಗಿ ಕೂತ್ಕೊಳ್ಳುತ್ತೆ. ಅವರಿಗೆ ರಾಗಿ ರುಚಿ ಬೇಕು ಅಂದ್ರೆ ಗಂಟಿಲ್ಲದ ಗಟ್ಟಿ ರಾಗಿ ಗಂಜಿ, ಚಮಚ ಓರೆ ಮಾಡಿದ್ರೆ ಒಟ್ಟಾಗಿ ಜಾರಬೇಕು, ಚಮಚಕ್ಕೆ ಅಂಟಿ ನಿಲ್ಲಬಾರದು.

ನೀರು ಕುಡಿದ್ರೆ ಕೆಮ್ಮೋರಿಗೆ ದ್ರವ ಎಷ್ಟು ಗಟ್ಟಿ ಬೇಕು ಅಂತ ಪರೀಕ್ಷೆ ಮಾಡಿದವರು ಹೇಳ್ಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಅಥವಾ ದೊಡ್ಡ ಆಸ್ಪತ್ರೆಗಳ ಸ್ಪೀಚ್ ಥೆರಪಿ ವಿಭಾಗದಲ್ಲಿ ತೋರಿಸಿ. ಅವರು ಹಂತ (ದ್ರವ ಎಷ್ಟು ಗಟ್ಟಿ ಅನ್ನೋ ಅಂಕೆ) ಬರೆದು ಕೊಟ್ರೆ ಅಡುಗೆಮನೆಯಲ್ಲಿ ಸಿರಿಂಜಿಂದ ಅಳೆಯಬಹುದು: ಸೂಜಿ ಇಲ್ಲದ 10 ಮಿಲಿ ಸಿರಿಂಜ್ (ಸೊನ್ನೆಯಿಂದ 10ರ ಗೆರೆಗೆ 61.5 ಮಿಮೀ ಇರೋದೇ ಆಗಬೇಕು), ತುದಿ ಬೆರಳಿಂದ ಮುಚ್ಚಿ 10 ಮಿಲಿ ತುಂಬಿ, ಬೆರಳು ತೆಗೆದು 10 ಸೆಕೆಂಡ್ ಇಳಿಯೋಕೆ ಬಿಟ್ಟು ಮತ್ತೆ ಮುಚ್ಚಿ. 1ರಿಂದ 4 ಮಿಲಿ ಉಳಿದ್ರೆ ಹಂತ 1, 4ರಿಂದ 8 ಹಂತ 2, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪ ಮಾತ್ರ ಇಳಿದ್ರೆ ಹಂತ 3, ಏನೂ ಇಳೀದಿದ್ರೆ 4. ಬಡಿಸೋ ಬಿಸಿಯಲ್ಲೇ ಅಳೀರಿ. ಅಂಬಲಿ ಆರಿದಷ್ಟೂ ಗಟ್ಟಿಯಾಗುತ್ತೆ.

ಅಕ್ಕಿಗಂಜಿ, ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿದ್ದು ಜೊಲ್ಲು ತಾಗಿದ ಕೂಡಲೇ ನೀರಾಗುತ್ತೆ. ಬಾಯಿಗಿಟ್ಟ ಚಮಚವನ್ನೇ ಬಟ್ಟಲಿಗೆ ಅದ್ದಿದ್ರೆ ಹತ್ತು ನಿಮಿಷದಲ್ಲಿ ಬಟ್ಟಲೆಲ್ಲ ತೆಳು. ಎರಡು ಚಮಚ ಇಟ್ಕೊಳ್ಳಿ, ಒಂದು ತೋಡೋಕೆ, ಒಂದು ಉಣಿಸೋಕೆ. ಕ್ಸಾಂಥನ್ ಗಮ್ (ಒಂದು ಬಗೆಯ ಅಂಟು) ಇರೋ ಗಟ್ಟಿ ಮಾಡೋ ಪುಡಿ ಹಾಗೆ ತೆಳುವಾಗಲ್ಲ. ಮೇಲೆ ಹೇಳಿದ ಮೊಳಕೆ ರಾಗಿ ಮಾಲ್ಟ್ ಇದೇ ಕಾರಣಕ್ಕೆ ಈ ನಾಲ್ಕು ಜನಕ್ಕೆ ಬೇಡ, ಉಳಿದವರಿಗೆ ಚಿನ್ನ.

ತಪ್ಪಿಸಬೇಕಾದ್ದು: ನೀರು ಬೇರೆ ಅಗುಳು ಬೇರೆ ಆಗೋ ಸಾರನ್ನ, ಕಡಲೆಪುರಿ, ಒಣ ಚಪಾತಿ, ಮೊಸರನ್ನದ ದಾಳಿಂಬೆ, ಒಗ್ಗರಣೆಯ ಕಡಲೆಬೇಳೆ-ಸಾಸಿವೆ.

ಕೂರಿಸೋದು: ಸೊಂಟ ನೇರ 90 ಡಿಗ್ರಿ, ಗದ್ದ ಸ್ವಲ್ಪ ಕೆಳಗೆ. ಮಲಗಿಸಿ ತಲೆಯಷ್ಟೇ ದಿಂಬಿಗೇರಿಸಿ ಉಣಿಸೋದು ಬೇಡವೇ ಬೇಡ. ಉಣಿಸೋರು ಎದುರಿಗೆ ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ನಿಂತು ಉಣಿಸಿದ್ರೆ ಅವರು ಕತ್ತು ಮೇಲೆತ್ತುತ್ತಾರೆ, ಶ್ವಾಸನಾಳ ತೆರೆಯುತ್ತೆ. ಟೀ ಚಮಚ ಸಾಕು. ಗಂಟಲ ಗುಬಟು ಮೇಲೆದ್ದು ಇಳಿದ ಮೇಲೇ ಮುಂದಿನ ತುತ್ತು. ಒಬ್ಬರಿಗೆ 30-40 ನಿಮಿಷ ಹಿಡಿಯುತ್ತೆ, ಒಬ್ಬ ಆಯಾ ಐದು ಜನಕ್ಕೆ ಅರ್ಧ ಗಂಟೆಯಲ್ಲಿ ಉಣಿಸೋಕೆ ಸಾಧ್ಯವೇ ಇಲ್ಲ. ಊಟದ ಹೊತ್ತು ಇಬ್ಬರಿಬ್ಬರಂತೆ ಹಂಚಿ. ಆದ ಮೇಲೆ ಅರ್ಧ ಗಂಟೆ ಕೂರಿಸಿ, ಬಾಯಿ ತೊಳೆಸಿ. ಕೆನ್ನೆಯಲ್ಲಿ ಉಳಿದ ಅನ್ನ ರಾತ್ರಿ ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ತರುತ್ತೆ. ಕೆಮ್ಮದೆಯೂ ಆಹಾರ ಶ್ವಾಸನಾಳಕ್ಕೆ ಇಳಿಯೋದುಂಟು, ಊಟದ ನಂತರ ದನಿ ಗೊರಗೊರ ಅಂದ್ರೆ, ಪದೇಪದೇ ಜ್ವರ ಬಂದ್ರೆ ಅನುಮಾನಿಸಿ.

ಮರೆವಿನವರ ಬಗ್ಗೆ ಒಂದು: ಬಿಳಿ ತಟ್ಟೆಯಲ್ಲಿ ಮೊಸರನ್ನ ಅವರ ಕಣ್ಣಿಗೆ ಕಾಣಲ್ಲ. ಸ್ಟೀಲ್ ತಟ್ಟೆ ಟ್ಯೂಬ್‌ಲೈಟಿಗೆ ಮಿರುಗುತ್ತೆ. ನೀಲಿ ಅಥವಾ ಕೆಂಪು ತಟ್ಟೆ, ಒಂದು ಸಲಕ್ಕೆ ಒಂದೇ ಪದಾರ್ಥ. ಕೂರಲಾರದೆ ಅಡ್ಡಾಡೋರ ಕೈಗೆ ಇಡ್ಲಿ ತುಂಡು, ಬಾಳೆಹಣ್ಣು, ಮೆತ್ತನೆ ಹೆಸರುಂಡೆ ಕೊಡಿ, ನಡೀತಾನೇ ತಿನ್ನಲಿ.

---

ದೂರದೂರು

ಆಶ್ರಮ ಅಲ್ಲದೆ ಊರಲ್ಲಿ ಒಂಟಿಯಾಗಿರೋ ಅಪ್ಪ-ಅಮ್ಮಂದಿರ ವಿಷಯ ಯಾರಾದ್ರೂ ಹೇಳ್ತೀರಾ? ಬೆಂಗಳೂರು, ವಿದೇಶ ಅಂತ ದೂರ ಇರೋರಿಗೆ ಫೋನಲ್ಲಿ ಏನೂ ಗೊತ್ತಾಗಲ್ಲ.

---

ಊರಕಡೆ_ಆರೋಗ್ಯ

"ಊಟ ಆಯ್ತಾ?" ಅಂದ್ರೆ "ಆಯ್ತು" ಅಂತಾರೆ, ಅದು ನಮ್ಮಲ್ಲಿ ನಮಸ್ಕಾರ ಇದ್ದ ಹಾಗೆ. "ಮಧ್ಯಾಹ್ನ ಏನು ಹುಳಿ, ಯಾವಾಗ ಮಾಡಿದ್ದು?" ಅಂತ ಕೇಳಿ. ಒಂದೇ ಸಾರನ್ನ ಮೂರು ದಿನ ಕಾಯಿಸ್ತಿರ್ತಾರೆ, ರಾತ್ರಿ ಟೀ-ಬನ್ನು.

ಗ್ಯಾಸ್ ಬುಕ್ಕಿಂಗ್ ತಾರೀಖು ನೋಡಿ. ಎರಡು ತಿಂಗಳಿಗೆ ಮುಗೀತಿದ್ದ ಸಿಲಿಂಡರ್ ನಾಲ್ಕು ತಿಂಗಳು ಬರ್ತಿದೆ ಅಂದ್ರೆ ಒಲೆ ಹಚ್ತಿಲ್ಲ. ರೇಷನ್ ಅಕ್ಕಿ ಮೂಟೆ ಹಾಗೇ ಹುಳ ಹಿಡಿದಿದ್ರೆ ಅದೇ ಕಥೆ. ವಿಡಿಯೋ ಕಾಲಲ್ಲಿ ಕೈ ನೋಡಿ: ಬಳೆ ಮೊಣಕೈವರೆಗೆ ಜಾರ್ತಿದೆಯಾ, ಉಂಗುರಕ್ಕೆ ದಾರ ಸುತ್ತಿದ್ದಾರಾ, ಮಾತಾಡುವಾಗ ಹಲ್ಲಿನ ಸೆಟ್ಟು ಟಕಟಕ ಅನ್ನುತ್ತಾ.

ಇದೇನೂ ಅಪರೂಪ ಅಲ್ಲ, 2017-18ರ ಲಾಸಿ (ದೇಶದ ವಯಸ್ಸಾದವರ ಆರೋಗ್ಯದ) ಸಮೀಕ್ಷೆಯಲ್ಲಿ ದೇಶದ 60 ದಾಟಿದವರಲ್ಲಿ ಸುಮಾರು 27% ಜನ ಕಡಿಮೆ ತೂಕದವರು.

ಮನೇಲಿ ಇಡೋದು: ಮೇಲೆ ಹೇಳಿದ ಹುರಿಹಿಟ್ಟು, ಹಾಲಿನ ಪುಡಿ, ತೆಳು ಅವಲಕ್ಕಿ (ಮೊಸರಲ್ಲಿ ಐದು ನಿಮಿಷ ನೆನೆದ್ರೆ ಊಟ), ಹುರಿಗಡಲೆ ಪುಡಿ, ಬೆಲ್ಲ, ತುಪ್ಪ. ಡಬ್ಬ ಸುಲಭಕ್ಕೆ ತೆಗೆಯೋ ಹಾಗಿರಲಿ. ಬೆರಳು ಸೊಟ್ಟಗಾದವರಿಗೆ ಬಿಗಿ ಮುಚ್ಚಳದ ಡಬ್ಬ ತಂದುಕೊಟ್ರೆ ಒಳಗಿದ್ದದ್ದು ಇಲ್ಲದ ಹಾಗೇ. ಮೇಲಿನ ಅಟ್ಟದಲ್ಲಿ ಇಡಬೇಡಿ. ನೀರಿನ ಬಾಟಲಿ ಎರಡು, ಬೆಳಿಗ್ಗೆ ತುಂಬಿ ಸಂಜೆಗೆ ಖಾಲಿ ಮಾಡೋದು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗಲ್ಲ, ರಾತ್ರಿ ಎದ್ದು ಹೋಗ್ಬೇಕಲ್ಲ ಅಂತ ಬೇಕಂತಲೇ ಕುಡಿಯಲ್ಲ. ದಿನಕ್ಕೆ ಹೆಂಗಸರಿಗೆ 1.6, ಗಂಡಸರಿಗೆ 2 ಲೀಟರ್ ದ್ರವ, ಕಾಫಿ-ಮಜ್ಜಿಗೆ ಸೇರಿ. ಹೆಚ್ಚಿನ ಪಾಲು ಸಂಜೆ 6ರ ಒಳಗೆ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ರೆ ಅದೇ ಅಳತೆ.

ಪಕ್ಕದ ಮನೆಯವರಿಗೆ ಮಧ್ಯಾಹ್ನದ ಊಟಕ್ಕೆ ದುಡ್ಡು ಕೊಟ್ಟು ಒಪ್ಪಿಸೋದು ಕೊರಿಯರಲ್ಲಿ ಪ್ರೋಟೀನ್ ಡಬ್ಬ ಕಳಿಸೋದಕ್ಕಿಂತ ಮೇಲು. ಒಟ್ಟಿಗೆ ಕೂತು ತಿಂದ್ರೆ ಒಂದು ತುತ್ತು ಹೆಚ್ಚೇ ಹೋಗುತ್ತೆ. ಯಾರೂ ಸಿಗದಿದ್ರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿ.

---

ಪಾಕಶಾಲೆ42

ಎಂಟು ದಿನದವರನ್ನ ಆಸ್ಪತ್ರೆಗೆ ಕಳಿಸಾಯ್ತು. ಸೌಟು ತಳದಿಂದ ಎತ್ತೋದು ಇವತ್ತಿಂದಲೇ. ಒಂದೇ ಅನುಮಾನ ಉಳೀತು: ಹಾಸಿಗೆ ಹಿಡಿದ ಐವರಲ್ಲಿ ಮೂವರನ್ನ ಕುರ್ಚಿಗೂ ಕೂರಿಸೋಕಾಗಲ್ಲ. ತೂಕ ಹೇಗೆ?

---

ರಾತ್ರಿಪಾಳಿ_ನರ್ಸ್

ತೂಕ ಬಿಡಿ, ತೋಳು ಅಳೀರಿ. ಎಡಗೈ, ಮೊಣಕೈ 90 ಡಿಗ್ರಿ ಮಡಚಿ ಭುಜದ ಮೂಳೆ ತುದಿಯಿಂದ ಮೊಣಕೈ ತುದಿವರೆಗೆ ಅಳೆದು ನಡುವೆ ಪೆನ್ನಲ್ಲಿ ಗುರುತು. ಆಮೇಲೆ ಕೈ ಚಾಚಿ ಸಡಿಲ ಬಿಡಿಸಿ, ಗುರುತಿನ ಮೇಲೆ ಟೇಪು. 23.5 ಸೆಂಮೀಗಿಂತ ಕಡಿಮೆ ಇದ್ರೆ ಬಿಎಂಐ 20ಕ್ಕಿಂತ ಕೆಳಗಿರೋ ಸಾಧ್ಯತೆ ಹೆಚ್ಚು. ತಿಂಗಳಿಗೊಮ್ಮೆ, ಅದೇ ಕೈ, ಆದಷ್ಟೂ ಅಳೆಯೋರೂ ಅವರೇ. 10% ಇಳಿದ್ರೆ ತೂಕವೂ ಅಷ್ಟೇ ಇಳಿದಿದೆ ಅಂತ ತಗೊಳ್ಳಿ. ಎಡಗೈಗೆ ಲಕ್ವ ಹೊಡೆದಿದ್ರೆ ಅಥವಾ ಡ್ರಿಪ್ ಹಾಕಿ ಊದಿದ್ರೆ ಬಲಗೈ ತಗೊಂಡು, ಪುಸ್ತಕದಲ್ಲಿ "ಬಲ" ಅಂತ ಬರೀರಿ, ಇಲ್ಲದಿದ್ರೆ ಮುಂದಿನ ತಿಂಗಳ ಪಾಳಿಯವರು ಎಡಗೈ ಅಳೆದು ಗಾಬರಿ ಬೀಳ್ತಾರೆ.